ಹೊಗೆ ಚೀಟಿ ಓದೋಣ



ಇವತ್ತು ನಾವು ಹೊಗೆಯ ಬಗ್ಗೆ ಮಾತಾಡೋಣ. ಒಲೆಯ ಹೊಗೆ ಅಲ್ಲ, ಗಾಡಿಯ ಹೊಗೆ.

"ಗಾಡಿ ವಿಷಯ ಗಂಡಸರದ್ದು. ನಮಗ್ಯಾಕೆ?" ಅಂತ ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ಯೋಚನೆ ಮಾಡಿ. ಗಾಡಿ ಯಾರದ್ದೇ ಆಗಲಿ, ಅದರ ಹೊಗೆ ಕುಡಿಯುವವರು ಯಾರು? ರಸ್ತೆ ಬದಿಯಲ್ಲಿ ಕೂತು ಹೂವು ಮಾರುವವರು. ಬಸ್ಸಿಗೆ ಕಾಯುವವರು. ಕಂಕುಳಲ್ಲಿ ಮಗು ಎತ್ತಿಕೊಂಡು ಸಂತೆಗೆ ಹೋಗುವವರು. ಗಾಡಿ ಕೆಟ್ಟರೆ ರಿಪೇರಿಗೆ ಹಣ ಬರುವುದು ಎಲ್ಲಿಂದ? ಮನೆಯ ಖರ್ಚಿನಿಂದ. ಹಾಗಾದ ಮೇಲೆ ಇದು ನಮ್ಮ ವಿಷಯವೂ ಹೌದಲ್ಲವೇ?

ಇನ್ನೊಂದು ಮಾತು. ಈಗ ಎಷ್ಟೋ ಮಹಿಳಾ ಸಂಘಗಳು ಹಳೇ ಗಾಡಿ ಕೊಂಡು ದುಡಿಮೆ ಮಾಡುತ್ತಿವೆ. ನಮ್ಮ ಸಂಘವೂ ಹಾಗೇ. ನಾವು ಒಂಬತ್ತು ಜನ. ರೊಟ್ಟಿ, ಚಟ್ನಿಪುಡಿ, ಹಪ್ಪಳ ಮಾಡಿ ಪೇಟೆಗೆ ಸಾಗಿಸುತ್ತೇವೆ. ನಮ್ಮದು ಹಳದಿ ಬೋರ್ಡಿನ ಹಳೇ ಪೆಟ್ರೋಲ್ ವ್ಯಾನು. 2006ರ ಮಾದರಿ. ಅದು ಒಂದು ದಿನ ನಿಂತರೆ ನಮ್ಮ ಒಂಬತ್ತು ಮನೆಯ ಕೂಲಿ ನಿಲ್ಲುತ್ತದೆ.

ಹೊಗೆ ಚೀಟಿ ಎಂದರೇನು?

ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಸಣ್ಣ ಕೋಣೆ ಅಥವಾ ವ್ಯಾನು ನೋಡಿರುತ್ತೀರಿ. 'ವಾಯು ಮಾಲಿನ್ಯ ತಪಾಸಣಾ ಕೇಂದ್ರ' ಎಂಬ ಬೋರ್ಡು ಇರುತ್ತದೆ. ಈಗ ನೀವು ಅದನ್ನು ಓದಬಲ್ಲಿರಿ. ಅಲ್ಲಿ ಗಾಡಿಯ ಹೊಗೆ ಕೊಳವೆಯೊಳಗೆ ಒಂದು ನಳಿಕೆ ಇಡುತ್ತಾರೆ. ಅದು ಯಂತ್ರಕ್ಕೆ ಸೇರಿರುತ್ತದೆ. ಹೊಗೆಯಲ್ಲಿ ವಿಷ ಎಷ್ಟಿದೆ ಎಂದು ಯಂತ್ರ ಅಳೆಯುತ್ತದೆ. ಮಿತಿಯೊಳಗೆ ಇದ್ದರೆ ಚೀಟಿ ಕೊಡುತ್ತಾರೆ. ಜನ ಇದನ್ನು ಎಮಿಷನ್ ಸರ್ಟಿಫಿಕೇಟು ಎನ್ನುತ್ತಾರೆ. ನಾವು ಹೊಗೆ ಚೀಟಿ ಅನ್ನೋಣ.

ಇದು 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಇದೆ. ಹೊಸ ಗಾಡಿಗೆ ಮೊದಲ ಒಂದು ವರ್ಷ ಚೀಟಿ ಬೇಡ. ಆಮೇಲೆ ಬೇಕೇ ಬೇಕು. ನಮ್ಮಂಥ ಹಳೇ ಗಾಡಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ. 'ಭಾರತ್ ಸ್ಟೇಜ್ 4' ಮತ್ತು ಅದಕ್ಕಿಂತ ಹೊಸ ಗಾಡಿಗಳಿಗೆ ವರ್ಷಕ್ಕೊಮ್ಮೆ. ಭಾರತ್ ಸ್ಟೇಜ್ ಎಂದರೆ ಗಾಡಿ ತಯಾರಿಸುವಾಗಲೇ ಹೊಗೆಗೆ ಹಾಕಿದ ಲೆಕ್ಕ. ಇಡೀ ದೇಶಕ್ಕೆ ಸ್ಟೇಜ್ 2 ಬಂದದ್ದು 2005ರಲ್ಲಿ. ಸ್ಟೇಜ್ 3 ಬಂದದ್ದು 2010ರಲ್ಲಿ. ಸ್ಟೇಜ್ 4 ಬಂದದ್ದು 2017ರಲ್ಲಿ. ಸ್ಟೇಜ್ 6 ಬಂದದ್ದು 2020ರಲ್ಲಿ. ನಡುವೆ ಐದನ್ನು ಬಿಟ್ಟೇ ಹಾರಿದರು. ಬೆಂಗಳೂರಿನಂಥ ದೊಡ್ಡ ಊರುಗಳಿಗೆ ಸ್ಟೇಜ್ 2, 3, 4 ಮೊದಲೇ ಬಂದವು.

ಚೀಟಿ ಇಲ್ಲದೆ ಓಡಿಸಿದರೆ ಏನಾಗುತ್ತದೆ? 2019ರಲ್ಲಿ ಕಾನೂನು ತಿದ್ದಿದರು. ಈಗ ಹತ್ತು ಸಾವಿರ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಮೂರು ತಿಂಗಳವರೆಗೆ ಸಜೆಗೂ ಅವಕಾಶ ಇದೆ. ಹತ್ತು ಸಾವಿರ ಅಂದರೆ ನಮ್ಮಂಥವರಿಗೆ ಎಷ್ಟು ದಿನದ ಕೂಲಿ, ನೀವೇ ಲೆಕ್ಕ ಹಾಕಿ.

ಚೀಟಿ ಓದುವುದು ಹೇಗೆ?

ಚೀಟಿ ಕೈಗೆ ಬಂದ ಕೂಡಲೇ ಮಡಚಿ ಡಬ್ಬಿಗೆ ಹಾಕಬೇಡಿ. ಓದಿ. ಮೊದಲು ಗಾಡಿ ನಂಬರು ಸರಿಯಿದೆಯಾ ನೋಡಿ. ಆಮೇಲೆ ತಾರೀಖು. ಯಾವ ದಿನದವರೆಗೆ ನಡೆಯುತ್ತದೆ ನೋಡಿ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಆಮೇಲೆ ಎರಡು ಇಂಗ್ಲಿಷ್ ಗುರುತು ಇರುತ್ತವೆ. ಇಂಗ್ಲಿಷ್ ಬಾರದಿದ್ದರೂ ಗುರುತು ಹಿಡಿಯಬಹುದು. ಮೊದಲನೆಯದು ಸಿ.ಓ. 'ಸಿ' ಅಕ್ಷರ ಬಿದಿಗೆ ಚಂದ್ರನ ಹಾಗೆ ಬಾಗಿರುತ್ತದೆ. 'ಓ' ಅಕ್ಷರ ಬಳೆಯ ಹಾಗೆ ದುಂಡಗಿರುತ್ತದೆ. ಎರಡನೆಯದು ಎಚ್.ಸಿ. 'ಎಚ್' ಅಕ್ಷರ ಒಂದೇ ಮೆಟ್ಟಿಲಿನ ಏಣಿಯ ಹಾಗಿರುತ್ತದೆ. ಪಕ್ಕದಲ್ಲಿ ಮತ್ತೆ ಅದೇ ಚಂದ್ರ. ಅಷ್ಟೇ.

ಪ್ರತಿಯೊಂದಕ್ಕೂ ಎರಡು ಅಂಕಿ ಇರುತ್ತವೆ. ಒಂದು ಸರ್ಕಾರ ಹಾಕಿದ ಮಿತಿ. ಇನ್ನೊಂದು ನಮ್ಮ ಗಾಡಿಯ ಅಳತೆ. ನಮ್ಮ ಅಳತೆ ಮಿತಿಗಿಂತ ಕಡಿಮೆ ಇರಬೇಕು.

ನಮ್ಮ ವ್ಯಾನಿನಂಥ ಸ್ಟೇಜ್ 2 ಮತ್ತು ಸ್ಟೇಜ್ 3ರ ಪೆಟ್ರೋಲ್ ಕಾರುಗಳಿಗೆ ಸಿ.ಓ. ಮಿತಿ 0.5. ಎಚ್.ಸಿ. ಮಿತಿ 750. ಅದಕ್ಕಿಂತ ಹಳೇ ಕಾರುಗಳಿಗೆ ಸಿ.ಓ. ಮಿತಿ 3. ಎಚ್.ಸಿ. ಮಿತಿ 1500. ಸ್ಟೇಜ್ 4ರ ಕಾರುಗಳಿಗೆ ಇನ್ನೂ ಬಿಗಿ. ಸಿ.ಓ. 0.3, ಎಚ್.ಸಿ. 200.

ಬಿಂದು ಇರುವ ಅಂಕಿ ಓದುವಾಗ ಗಲಿಬಿಲಿ ಆಗುತ್ತದೆ. ದುಡ್ಡಿನ ಲೆಕ್ಕದಲ್ಲಿ ಓದಿ. 0.5 ಎಂದರೆ ಐವತ್ತು ಪೈಸೆ. 0.3 ಎಂದರೆ ಮೂವತ್ತು ಪೈಸೆ. 2.1 ಎಂದರೆ ಎರಡು ರೂಪಾಯಿ ಹತ್ತು ಪೈಸೆ. ಮಿತಿ ಐವತ್ತು ಪೈಸೆ. ಗಾಡಿ ಬಿಟ್ಟದ್ದು ಎರಡು ರೂಪಾಯಿ ಹತ್ತು ಪೈಸೆ. ಆಗ ಪಾಸೋ ಫೇಲೋ? ನೀವೇ ಹೇಳಬಲ್ಲಿರಿ.

ಸಿ.ಓ. ಲೆಕ್ಕ ನೂರಕ್ಕೆ ಇಷ್ಟು ಎಂದು. ಎಚ್.ಸಿ. ಲೆಕ್ಕ ಹತ್ತು ಲಕ್ಷಕ್ಕೆ ಇಷ್ಟು ಎಂದು. ಹತ್ತು ಲಕ್ಷ ರಾಗಿ ಕಾಳಿನಲ್ಲಿ 750 ಕಲ್ಲು ಇದ್ದ ಹಾಗೆ.

ಡೀಸೆಲ್ ಗಾಡಿಗೆ ಪರೀಕ್ಷೆ ಬೇರೆ. ಇಂಜಿನನ್ನು ಜೋರಾಗಿ ರೇಸ್ ಮಾಡಿ ಹೊಗೆ ಎಷ್ಟು ಕಪ್ಪಗಿದೆ ಎಂದು ಅಳೆಯುತ್ತಾರೆ. ಕರೆಂಟಿನಲ್ಲಿ ಓಡುವ ಗಾಡಿಗೆ ಹೊಗೆಯೇ ಇಲ್ಲ. ಅದಕ್ಕೆ ಈ ಚೀಟಿ ಬೇಡ.

ಈ ಸಿ.ಓ., ಎಚ್.ಸಿ. ಅಂದರೆ ಏನು?

ಇದು ತಿಳಿಯಬೇಕಾದರೆ ಒಲೆಯ ಮುಂದೆ ಬನ್ನಿ. ಒಲೆಗೆ ಸೌದೆ ಜಾಸ್ತಿ ತುರುಕಿದರೆ ಏನಾಗುತ್ತದೆ? ಗಾಳಿ ಆಡುವುದಿಲ್ಲ. ಉರಿ ಏಳುವುದಿಲ್ಲ. ಮನೆ ತುಂಬ ಹೊಗೆ. ಆಗ ನಾವು ಒಂದೆರಡು ಸೌದೆ ಹಿಂದಕ್ಕೆ ಎಳೆಯುತ್ತೇವೆ. ಊದುಗೊಳವೆಯಲ್ಲಿ ಊದುತ್ತೇವೆ. ಗಾಳಿ ಸಿಕ್ಕ ಕೂಡಲೇ ಉರಿ ಹತ್ತುತ್ತದೆ.

ಇಂಜಿನೂ ಒಂದು ಒಲೆಯೇ. ಅದಕ್ಕೆ ಸೌದೆಯ ಬದಲು ಪೆಟ್ರೋಲು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕು, ಹದಿನೈದು ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿಯಾದರೆ ಅರೆಬರೆ ಉರಿಯುತ್ತದೆ. ಆ ಅರೆ ಉರಿಯ ಅನಿಲವೇ ಸಿ.ಓ. ಅದರ ಹೆಸರು ಕಾರ್ಬನ್ ಮೊನಾಕ್ಸೈಡ್.

ಕೆಲವು ಸಲ ಪೆಟ್ರೋಲಿಗೆ ಬೆಂಕಿಯೇ ಸರಿಯಾಗಿ ತಾಗುವುದಿಲ್ಲ. ಅದು ಉರಿಯದೆ ಹಸಿಹಸಿಯಾಗಿ ಹೊರಗೆ ಬರುತ್ತದೆ. ಅದೇ ಎಚ್.ಸಿ. ಅಂದರೆ ಹೈಡ್ರೋಕಾರ್ಬನ್. ಹೀಗೆ ಬರುವ ಪೆಟ್ರೋಲ್ ಆವಿಯಲ್ಲಿ ಬೆಂಜೀನ್ ಎಂಬುದೂ ಇರುತ್ತದೆ. ಅದು ರಕ್ತದ ಕ್ಯಾನ್ಸರ್ ತರಬಲ್ಲ ವಿಷ.

ಈಗ ಒಂದು ಸೂತ್ರ ನೆನಪಿಡಿ. ಸಿ.ಓ. ಜಾಸ್ತಿ ಬಂದರೆ ಒಲೆಗೆ ಸೌದೆ ಹೆಚ್ಚಾಗಿದೆ. ಎಚ್.ಸಿ. ಜಾಸ್ತಿ ಬಂದರೆ ಸೌದೆಗೆ ಬೆಂಕಿ ಹತ್ತುತ್ತಿಲ್ಲ. ಎರಡೂ ಜಾಸ್ತಿ ಬಂದರೆ ಎರಡು ಕಡೆಯೂ ನೋಡಬೇಕು.

ನಮ್ಮ ವ್ಯಾನು ಫೇಲಾದಾಗ

2023ರಲ್ಲಿ ನಮ್ಮ ವ್ಯಾನು ಪರೀಕ್ಷೆಯಲ್ಲಿ ಫೇಲಾಯಿತು. ಸಿ.ಓ. 2.1 ಬಂತು. ಎಚ್.ಸಿ. 480 ಬಂತು. ಊರಿನ ಒಂದು ಗ್ಯಾರೇಜಿಗೆ ತೆಗೆದುಕೊಂಡು ಹೋದೆವು. ಅವರು ಬಾನೆಟ್ಟನ್ನೂ ಎತ್ತಲಿಲ್ಲ. ಹೊಗೆ ನೋಡಿ, "ಇಂಜಿನ್ ಹೋಗಿದೆ ಕಣಮ್ಮಾ. ಬಿಚ್ಚಿ ಕಟ್ಟಬೇಕು. ಮೂವತ್ತೈದು ಸಾವಿರ ಆಗುತ್ತೆ" ಎಂದರು.

ಮೂವತ್ತೈದು ಸಾವಿರ! ಸಂಘದ ಉಳಿತಾಯ ಅಷ್ಟೂ ಸೇರಿಸಿದರೂ ಸಾಲದು. "ಗಾಡಿಯನ್ನ ಗುಜರಿಗೆ ಹಾಕೋಣ" ಎಂದರು ಕೆಲವರು. "ಸಾಲ ತೆಗೆಯೋಣ" ಎಂದರು ಕೆಲವರು.

ಆಗ ನಮ್ಮಲ್ಲೊಬ್ಬರು ಚೀಟಿ ಕೈಗೆ ತೆಗೆದುಕೊಂಡರು. ಅವರು ಅಕ್ಷರ ಕಲಿತು ಎರಡು ವರ್ಷ ಆಗಿತ್ತು. ಬೆರಳಿಟ್ಟು ಒಂದೊಂದೇ ಅಂಕಿ ಓದಿದರು. "ಎಚ್.ಸಿ. ಮಿತಿ 750. ನಮ್ಮದು 480. ಇದು ಮಿತಿಯೊಳಗೇ ಇದೆ. ಇಂಜಿನ್ ಪೂರಾ ಹೋಗಿದ್ದರೆ ಇದೂ ಏರಬೇಕಿತ್ತಲ್ಲ? ಬರೀ ಸಿ.ಓ. ಯಾಕೆ ಏರಿದೆ?" ಎಂದು ಕೇಳಿದರು.

ಅದು ಸರಿಯಾದ ಪ್ರಶ್ನೆ. ಇಂಜಿನ್ನಿನ ಒಳಭಾಗ ಸವೆದು ಒತ್ತಡ ಇಳಿದರೆ ಪೆಟ್ರೋಲಿಗೆ ಬೆಂಕಿ ಸರಿಯಾಗಿ ಹತ್ತುವುದಿಲ್ಲ. ಆಗ ಸಾಮಾನ್ಯವಾಗಿ ಎಚ್.ಸಿ. ಏರುತ್ತದೆ. ಎಣ್ಣೆ ಸುಟ್ಟು ನೀಲಿ ಹೊಗೆಯೂ ಬರಬಹುದು. ನಮ್ಮ ವ್ಯಾನಿಗೆ ಇವೆರಡೂ ಇರಲಿಲ್ಲ.

ಅದೇ ಚೀಟಿ ಹಿಡಿದು ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ವಯಸ್ಸಾದವರು. ಚೀಟಿ ನೋಡಿ, "ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಯಾಕೆ ಅಂತ ಒಂದೊಂದಾಗಿ ಹುಡುಕೋಣ. ಅಗ್ಗದ್ದು ಮೊದಲು, ದುಬಾರಿದು ಕೊನೆಗೆ" ಎಂದರು. ಈ ಮಾತನ್ನು ನಾವು ಸಂಘದ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ.

ಮೊದಲು ಗಾಳಿ ಜರಡಿ ತೆಗೆದರು. ಅದನ್ನು ಏರ್ ಫಿಲ್ಟರ್ ಎನ್ನುತ್ತಾರೆ. ಬಿಸಿಲಿಗೆ ಹಿಡಿದರೆ ಬೆಳಕು ತೂರಿ ಬರಬೇಕು. ನಮ್ಮದರಲ್ಲಿ ಮಣ್ಣು ರಸ್ತೆಯ ಧೂಳು ಗಟ್ಟಿ ಕೂತಿತ್ತು. ಬೆಳಕೇ ಬರಲಿಲ್ಲ. ಹೊಸದು ಹಾಕಿದರು. 180 ರೂಪಾಯಿ.

ಆಮೇಲೆ ಬಿಸಿಯ ಮುಳ್ಳು ನೋಡಿದರು. ಡ್ರೈವರ್ ಮುಂದೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಇರುತ್ತದೆ. ಗಾಡಿ ಅರ್ಧ ಗಂಟೆ ಓಡಿದರೂ ಅದು ಕೆಳಗೇ ಇತ್ತು. ಅಂದರೆ ಇಂಜಿನ್ ಕಾಯುತ್ತಲೇ ಇರಲಿಲ್ಲ. ಕಾಯದ ಕಾವಲಿಯ ಮೇಲೆ ದೋಸೆ ಹುಯ್ದರೆ ಏಳುತ್ತದೆಯೇ? ಇಂಜಿನ್ ತಣ್ಣಗಿದ್ದರೆ ಗಾಡಿಯ ಕಂಪ್ಯೂಟರು "ಇನ್ನೂ ತಣ್ಣಗಿದೆ" ಎಂದು ಪೆಟ್ರೋಲನ್ನು ಜಾಸ್ತಿ ಬಿಡುತ್ತದೆ. ಇಂಜಿನ್ ಕಾಯುವ ತನಕ ತಣ್ಣೀರನ್ನು ತಡೆದು ನಿಲ್ಲಿಸುವ ಸಣ್ಣ ಬಾಗಿಲು ಒಂದಿದೆ. ಹೆಸರು ಥರ್ಮೋಸ್ಟಾಟ್. ಅದು ತೆರೆದೇ ಸಿಕ್ಕಿಹಾಕಿಕೊಂಡಿತ್ತು. ಹೊಸದಕ್ಕೆ 450 ರೂಪಾಯಿ.

ಮತ್ತೆ ಅಳತೆ ಮಾಡಿಸಿದೆವು. ಸಿ.ಓ. 0.9. ಎಚ್.ಸಿ. 310. ಎರಡು ರೂಪಾಯಿ ಹತ್ತು ಪೈಸೆಯಿಂದ ತೊಂಬತ್ತು ಪೈಸೆಗೆ ಇಳಿದಿತ್ತು. ಇನ್ನೂ ಫೇಲು. ಆದರೆ ದಾರಿ ಸರಿಯಿದೆ ಎಂದು ಗೊತ್ತಾಯಿತು.

ಮೂರನೆಯದು ಎಚ್ಚರಿಕೆ ದೀಪ. ಕೀಲಿ ತಿರುಗಿಸಿದಾಗ ಇಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದೆ. ಗಾಡಿ ಸ್ಟಾರ್ಟ್ ಆದ ಮೇಲೆ ಆರಬೇಕು. ನಮ್ಮದು ಆರುತ್ತಿರಲಿಲ್ಲ. ಮೆಕ್ಯಾನಿಕ್ ಯಂತ್ರ ಹಾಕಿ ನೋಡಿದರು. ಆಕ್ಸಿಜನ್ ಸೆನ್ಸರ್ ಕೆಲಸ ಮಾಡುತ್ತಿರಲಿಲ್ಲ. ಇದು ಹೊಗೆ ಕೊಳವೆಯಲ್ಲಿ ಕೂತು ಹೊಗೆಯ ರುಚಿ ನೋಡುವ ನಾಲಿಗೆ. ಉಪ್ಪು ಹೆಚ್ಚೋ ಕಡಿಮೆಯೋ ಎಂದು ನಾವು ಸಾರಿನ ರುಚಿ ನೋಡುವುದಿಲ್ಲವೇ? ಹಾಗೇ ಇದು ಪೆಟ್ರೋಲ್ ಹೆಚ್ಚೋ ಕಡಿಮೆಯೋ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ಬಹಳ ದಿನದ ಮಸಿ ಆ ನಾಲಿಗೆಯ ಮೇಲೆ ಕಟ್ಟಿತ್ತು. ಹೊಸದಕ್ಕೆ 1,900 ರೂಪಾಯಿ.

ಮತ್ತೆ ಪರೀಕ್ಷೆ. ಸಿ.ಓ. 0.3. ಎಚ್.ಸಿ. 190. ಪಾಸು!

ಈಗ ಕೂಡಿಸೋಣ. 180, 450, 1,900. ಮೆಕ್ಯಾನಿಕ್ ಕೂಲಿ 600. ಒಟ್ಟು 3,130 ರೂಪಾಯಿ. ಎಲ್ಲಿ ಮೂವತ್ತೈದು ಸಾವಿರ, ಎಲ್ಲಿ ಮೂರು ಸಾವಿರದ ಚಿಲ್ಲರೆ!

ಇನ್ನೊಂದು ಲಾಭ ಕೇಳಿ. ಮೊದಲು ವ್ಯಾನು ಲೀಟರಿಗೆ 11 ಕಿಲೋಮೀಟರ್ ಓಡುತ್ತಿತ್ತು. ಆಮೇಲೆ 14 ಓಡಿತು. ನಾವು ದಿನಕ್ಕೆ 42 ಕಿಲೋಮೀಟರ್ ಓಡಿಸುತ್ತೇವೆ. ಮೊದಲು ಹೆಚ್ಚುಕಡಿಮೆ 3.8 ಲೀಟರ್ ಬೇಕಿತ್ತು. ಈಗ 3 ಲೀಟರ್ ಸಾಕು. ಲೀಟರಿಗೆ ನೂರು ರೂಪಾಯಿ ಎಂದು ಇಟ್ಟುಕೊಳ್ಳಿ. ದಿನಕ್ಕೆ 80 ರೂಪಾಯಿ ಉಳಿತು. ತಿಂಗಳಿಗೆ 25 ದಿನ ಎಂದರೆ 2,000 ರೂಪಾಯಿ. ಎರಡು ತಿಂಗಳೊಳಗೆ ರಿಪೇರಿ ಹಣ ವಾಪಸ್ ಬಂತು. ಹೊಗೆಯಾಗಿ ಹೋಗುತ್ತಿದ್ದದ್ದು ನಮ್ಮದೇ ದುಡ್ಡು!

ಎಚ್.ಸಿ. ಏರಿದರೆ ಏನು ನೋಡಬೇಕು?

ಎಲ್ಲ ಗಾಡಿಗೂ ಒಂದೇ ರೋಗ ಅಲ್ಲ. ಎಚ್.ಸಿ. ಏರಿದ್ದರೆ ಬೆಂಕಿ ಕಿಡಿ ಕಡೆ ನೋಡಬೇಕು. ಕಿಡಿ ಕೊಡುವುದು ಸ್ಪಾರ್ಕ್ ಪ್ಲಗ್. ಅದರ ತುದಿ ತೆಳು ಕಂದು ಅಥವಾ ಬೂದಿ ಬಣ್ಣ ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಜಿಡ್ಡು ಇದ್ದರೆ ಇಂಜಿನ್ ಎಣ್ಣೆ ಒಳಗೆ ಇಳಿಯುತ್ತಿದೆ. ಪ್ಲಗ್ಗಿನ ವೈರು ಬಿರುಕು ಬಿಟ್ಟರೂ ಕಿಡಿ ಸೋರಿಹೋಗುತ್ತದೆ. ಕಿಡಿ ಬೀಳುವ ಹೊತ್ತು ಹಿಂದೆ ಮುಂದೆ ಆಗಿದ್ದರೂ ಎಚ್.ಸಿ. ಏರುತ್ತದೆ. ಇದನ್ನು ಟೈಮಿಂಗ್ ಎನ್ನುತ್ತಾರೆ.

ರಬ್ಬರ್ ಪೈಪು ಸೀಳಿ ಕಳ್ಳಗಾಳಿ ಒಳಗೆ ನುಗ್ಗಿದರೂ ಹೀಗೇ ಆಗುತ್ತದೆ. ಇಂಜಿನ್ ಹತ್ತಿರ 'ಸುಯ್' ಎಂಬ ಸದ್ದು ಬರಬಹುದು. ನಿಂತಲ್ಲೇ ಗಾಡಿ ನಡುಗಬಹುದು. ಈಗ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುತ್ತಾರೆ. 2025ರ ಹೊತ್ತಿಗೆ ಅದು ನೂರಕ್ಕೆ 20ರವರೆಗೆ ಬಂದಿದೆ. ಹಳೇ ಗಾಡಿಯ ರಬ್ಬರ್ ಪೈಪುಗಳು ಇದರಿಂದ ಬೇಗ ಹಾಳಾಗಬಹುದು. ಪೆಟ್ರೋಲ್ ಪೈಪು ಒಸರುತ್ತಿದೆಯಾ ಎಂದು ಆಗಾಗ ನೋಡಿಸಿ.

ಇನ್ನೂ ಹಳೇ ಕಾರುಗಳಲ್ಲಿ ಕಂಪ್ಯೂಟರ್ ಇಲ್ಲ. ಪೆಟ್ರೋಲ್ ಗಾಳಿ ಬೆರೆಸುವುದು ಕಾರ್ಬುರೇಟರ್. ಅಲ್ಲಿ ಬೆರಕೆಯ ಸ್ಕ್ರೂ ಸರಿಮಾಡಬೇಕು. ಚೋಕ್ ಪೂರಾ ತೆರೆದಿದೆಯಾ ನೋಡಬೇಕು. ಸ್ಕ್ರೂ ತಿರುಗಿಸುವವರು ಹೊಗೆ ಯಂತ್ರದ ಅಂಕಿ ನೋಡುತ್ತಾ ತಿರುಗಿಸಿದರೆ ಒಳ್ಳೆಯದು. ಬರೀ ಕಿವಿಯ ಅಂದಾಜಿನಲ್ಲಿ ತಿರುಗಿಸಿದರೆ ಅಳತೆ ಸಿಗುವುದಿಲ್ಲ.

ಹೊಗೆಯ ಬಣ್ಣ

ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ. ನೀಲಿ ಹೊಗೆ ಬಂದರೆ ಇಂಜಿನ್ ಎಣ್ಣೆ ಸುಡುತ್ತಿದೆ. ಇದಕ್ಕೆ ದೊಡ್ಡ ರಿಪೇರಿ ಬೇಕಾಗಬಹುದು. ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ ಇಂಜಿನ್ ಒಳಗೆ ನೀರು ಸೇರುತ್ತಿದೆ. ಗಾಡಿ ನಿಲ್ಲಿಸಿ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ಬಿಳಿ ಆವಿಗೆ ಹೆದರಬೇಡಿ. ಅದು ಬರೀ ನೀರಾವಿ.

ಒಂದು ಎಚ್ಚರ. ಸಿ.ಓ.ಗೆ ಬಣ್ಣ ಇಲ್ಲ. ಹೊಗೆ ಕಾಣದಿದ್ದರೆ ಗಾಡಿ ಶುದ್ಧ ಎಂದು ತಿಳಿಯಬೇಡಿ. ಅದಕ್ಕೇ ಯಂತ್ರದ ಪರೀಕ್ಷೆ ಬೇಕಾಗಿರುವುದು.

ದುಬಾರಿ ಸಾಮಾನು ಕೊನೆಗೆ

ಹೊಗೆ ಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದೆ. 1995ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸಿನ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳು. ಅವುಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹದ ಲೇಪ. ಹೊಗೆ ಅದರ ಮೂಲಕ ಹಾಯುವಾಗ ವಿಷದ ಅನಿಲ ಉರಿದು ಕಡಿಮೆಯಾಗುತ್ತದೆ. ಡಬ್ಬಿ ಚೆನ್ನಾಗಿ ಕಾದರೆ ಮಾತ್ರ ಕೆಲಸ ಮಾಡುತ್ತದೆ. ಮೊದಲು ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಸೀಸ ಈ ಡಬ್ಬಿಯನ್ನೂ ಕೆಡಿಸುತ್ತದೆ, ಮಕ್ಕಳ ಮಿದುಳನ್ನೂ ಕೆಡಿಸುತ್ತದೆ. 2000ನೇ ಇಸವಿಯಲ್ಲಿ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು.

ಫೇಲಾದ ಕೂಡಲೇ ಕೆಲವರು "ಈ ಡಬ್ಬಿ ಬದಲಾಯಿಸಿ" ಎನ್ನುತ್ತಾರೆ. ಇದು ತುಂಬಾ ದುಬಾರಿ. ಹಸಿ ಪೆಟ್ರೋಲ್ ಡಬ್ಬಿಗೆ ಬಿದ್ದರೆ ಅದು ಅತಿಯಾಗಿ ಕಾದು ಕರಗಿ ಹೋಗುತ್ತದೆ. ಕಿಡಿ ಸರಿಮಾಡದೆ, ಪೆಟ್ರೋಲ್ ಬೆರಕೆ ಸರಿಮಾಡದೆ ಹೊಸ ಡಬ್ಬಿ ಹಾಕಿದರೆ ಅದೂ ಹಾಳಾಗುತ್ತದೆ. ಸೋರುವ ಸೂರು ಕಟ್ಟದೆ ಗೋಡೆಗೆ ಸುಣ್ಣ ಬಳಿದ ಹಾಗೆ. ಅದಕ್ಕೇ ಇದು ಪಟ್ಟಿಯ ಕೊನೆಗೆ ಇರಲಿ.

ಪರೀಕ್ಷೆಗೆ ಹೋಗುವ ಮುಂಚೆ

ಹದಿನೈದು, ಇಪ್ಪತ್ತು ನಿಮಿಷ ಗಾಡಿ ಓಡಿಸಿ. ಇಂಜಿನ್ ಕಾಯಲಿ. ಕೇಂದ್ರದಲ್ಲಿ ಸಾಲು ಇದ್ದರೆ ಇಂಜಿನ್ ತಣ್ಣಗಾಗುತ್ತದೆ. ಪರೀಕ್ಷೆಗೆ ಮುಂಚೆ ಇನ್ನೊಂದು ಸುತ್ತು ಹೋಗಿ ಬನ್ನಿ.

ಎಣ್ಣೆ ಬದಲಿಸುವ ಹೊತ್ತು ಬಂದಿದ್ದರೆ ಮೊದಲು ಬದಲಿಸಿ. ಹಳೇ ಎಣ್ಣೆಯಲ್ಲಿ ಪೆಟ್ರೋಲ್ ಸೇರಿರುತ್ತದೆ. ಅದರ ಆವಿ ಮತ್ತೆ ಇಂಜಿನ್ನಿಗೇ ಹೋಗಿ ಅಂಕಿ ಏರಿಸುತ್ತದೆ.

ಸೈಲೆನ್ಸರಿನಲ್ಲಿ ತೂತು ಇದ್ದರೆ ಮುಚ್ಚಿಸಿ. ತೂತಿನಿಂದ ಹೊರಗಿನ ಗಾಳಿ ಸೇರಿದರೆ ಅಳತೆ ತಪ್ಪಾಗುತ್ತದೆ.

ನಳಿಕೆಯನ್ನು ಕೊಳವೆಯೊಳಗೆ ಸುಮಾರು ಒಂದು ಅಡಿ ಇಡಬೇಕು. ತುದಿಯಲ್ಲಿ ಸುಮ್ಮನೆ ತಾಗಿಸಿದರೆ ಸಾಲದು. ನಿಂತು ನೋಡಿ. ನೋಡುವ ಹಕ್ಕು ನಿಮಗಿದೆ.

ಫೇಲಾದರೂ ಚೀಟಿ ಕೇಳಿ

ಇದು ಬಹಳ ಮುಖ್ಯ. 2021ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಒಂದೇ ಮಾದರಿಯ ಹೊಗೆ ಚೀಟಿ ತಂದಿತು. ಆಗಲೇ ಇನ್ನೊಂದು ಚೀಟಿಯೂ ಬಂತು. ಅದು ತಿರಸ್ಕಾರ ಚೀಟಿ. ಗಾಡಿ ಫೇಲಾದರೆ ಅಳತೆ ಬರೆದು ಈ ಚೀಟಿ ಕೊಡಬೇಕು. ಅದನ್ನು ಗ್ಯಾರೇಜಿನಲ್ಲಿ ತೋರಿಸಬಹುದು. ಕೇಂದ್ರದ ಯಂತ್ರದ ಮೇಲೆ ಅನುಮಾನ ಬಂದರೆ ಬೇರೆ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಲೂ ಬಳಸಬಹುದು.

"ಫೇಲಮ್ಮಾ, ಹೋಗಿ" ಎಂದು ಬಾಯಲ್ಲಿ ಹೇಳಿದರೆ ಎದ್ದು ಬರಬೇಡಿ. "ಅಂಕಿ ಬರೆದ ಚೀಟಿ ಕೊಡಿ" ಎಂದು ಕೇಳಿ. ವೈದ್ಯರ ಬಳಿ ಹೋಗುವಾಗ ರಕ್ತಪರೀಕ್ಷೆಯ ಚೀಟಿ ಒಯ್ಯುತ್ತೇವಲ್ಲ? ಇದೂ ಹಾಗೇ. ಚೀಟಿ ಇಲ್ಲದಿದ್ದರೆ ಮೆಕ್ಯಾನಿಕ್ ಹೇಳಿದ್ದೇ ರೋಗ, ಕೇಳಿದ್ದೇ ದರ.

ಇನ್ನು ಕೆಲವರು ಹೇಳುವುದುಂಟು. "ಸ್ವಲ್ಪ ಜಾಸ್ತಿ ಕೊಡಿ. ಪರೀಕ್ಷೆ ಇಲ್ಲದೇ ಪಾಸ್ ಮಾಡಿಸ್ತೀನಿ." ಬೇಡ ಎನ್ನಿ. ಕಾಗದ ಪಾಸಾದರೆ ಹೊಗೆ ಪಾಸಾಗುವುದಿಲ್ಲ. ಪೆಟ್ರೋಲ್ ಸೋರಿಕೆ ನಿಲ್ಲುವುದಿಲ್ಲ. ಮಗುವಿನ ಕೆಮ್ಮು ನಿಲ್ಲುವುದಿಲ್ಲ.

ಜೀವದ ಮಾತು

ಕೊನೆಯಲ್ಲಿ ಒಂದು ಮಾತು. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ.

ಸಿ.ಓ.ಗೆ ಬಣ್ಣ ಇಲ್ಲ. ವಾಸನೆಯೂ ಇಲ್ಲ. ನಮ್ಮ ರಕ್ತ ಆಮ್ಲಜನಕವನ್ನು ಹೊತ್ತು ಮೈಗೆಲ್ಲ ಹಂಚುತ್ತದೆ. ಸಿ.ಓ. ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವೇ ಇಲ್ಲದ ಹಾಗೆ ಮಾಡುತ್ತದೆ. ಮೊದಲು ತಲೆನೋವು. ಆಮೇಲೆ ತಲೆ ಸುತ್ತು, ವಾಂತಿ, ಮಂಪರು. ಮಲಗಿದವರು ಏಳದೇ ಹೋಗಬಹುದು. ಬಸುರಿಯರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಇನ್ನೂ ಅಪಾಯ.

ಅದಕ್ಕೆ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಸ್ಟಾರ್ಟ್ ಮಾಡಿ ಬಿಡಬೇಡಿ. ನಿಂತ ಗಾಡಿಯಲ್ಲಿ ಕಿಟಕಿ ಮುಚ್ಚಿ, ಇಂಜಿನ್ ಓಡಿಸುತ್ತಾ ಮಲಗಬೇಡಿ. ಚಳಿಗೆ ಕೋಣೆಯೊಳಗೆ ಇದ್ದಿಲ ಕೆಂಡ ಇಟ್ಟು ಬಾಗಿಲು ಹಾಕಿ ಮಲಗುವುದೂ ಇಷ್ಟೇ ಅಪಾಯ. ಅಲ್ಲಿ ಬರುವುದೂ ಇದೇ ಅನಿಲ. ಯಾರಿಗಾದರೂ ಹೀಗೆ ತಲೆ ಸುತ್ತಿದರೆ ಕೂಡಲೇ ಹೊರಗಿನ ಗಾಳಿಗೆ ತನ್ನಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ.

ಗಾಡಿ ಹತ್ತಿರ ಕೆಲಸ ಮಾಡುವಾಗಲೂ ಜೋಪಾನ. ಇಂಜಿನ್ ಬಿಸಿ ಇದ್ದಾಗ ನೀರಿನ ಮುಚ್ಚಳ ತೆಗೆಯಬೇಡಿ. ಓಡುವ ಇಂಜಿನ್ನಿನ ಪ್ಲಗ್ ವೈರು ಮುಟ್ಟಬೇಡಿ. ಸೆರಗು, ಜಡೆ ಬೆಲ್ಟಿಗೆ ಸಿಗದಂತೆ ಕಟ್ಟಿಕೊಳ್ಳಿ.

ನೆನಪಿಡೋಣ

ಸಿ.ಓ. ಏರಿದರೆ: ಗಾಳಿ ಜರಡಿ, ಇಂಜಿನ್ ಬಿಸಿ, ಚೋಕ್ ಅಥವಾ ಸೆನ್ಸರ್.

ಎಚ್.ಸಿ. ಏರಿದರೆ: ಪ್ಲಗ್, ವೈರು, ಟೈಮಿಂಗ್, ಸೀಳಿದ ಪೈಪು.

ಎರಡೂ ಏರಿದರೆ: ಮೊದಲು ಇವೆಲ್ಲ, ಆಮೇಲೆ ಇಂಜಿನ್ ಒತ್ತಡ, ಕೊನೆಗೆ ಕ್ಯಾಟಲಿಟಿಕ್ ಡಬ್ಬಿ.

ಪ್ರತಿ ರಿಪೇರಿಯ ಮೇಲೂ ಅಳತೆ ಮಾಡಿಸಿ. ತೆಗೆದ ಹಳೇ ಸಾಮಾನು ಕೇಳಿ ಪಡೆಯಿರಿ. ಬಿಲ್ಲು ಕೇಳಿ. ತಾರೀಖು ಹಾಕಿ ಪುಸ್ತಕದಲ್ಲಿ ಬರೆಯಿರಿ.

ಅಕ್ಕ ತಂಗಿಯರೇ, ನಾವು ಅಕ್ಷರ ಕಲಿತದ್ದು ಬರೀ ಹೆಸರು ಬರೆಯಲಿಕ್ಕಲ್ಲ. ರೇಷನ್ ಕಾರ್ಡು ಓದಬೇಕು, ಬ್ಯಾಂಕ್ ಪುಸ್ತಕ ಓದಬೇಕು, ಔಷಧಿ ಚೀಟಿ ಓದಬೇಕು. ಹೊಗೆ ಚೀಟಿಯನ್ನೂ ಓದಬೇಕು. ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರುವ ಗಾಡಿಯ ಹೊಗೆ ಚೀಟಿ ಕೇಳಿ ತೆಗೆದುಕೊಳ್ಳಿ. ತಾರೀಖು ನೋಡಿ. ಚಂದ್ರ ಮತ್ತು ಬಳೆ ಎಲ್ಲಿದೆ ಹುಡುಕಿ. ಏಣಿ ಮತ್ತು ಚಂದ್ರ ಎಲ್ಲಿದೆ ಹುಡುಕಿ. ಅಂಕಿ ಮಿತಿಯೊಳಗೆ ಇದೆಯಾ ಓದಿ. ಮುಂದಿನ ಸಭೆಗೆ ಬರೆದುಕೊಂಡು ಬನ್ನಿ. ಎಲ್ಲರೂ ಕೂತು ಒಟ್ಟಿಗೆ ಓದೋಣ.